ಪತ್ರಿಕಾ ಪ್ರಕಟಣೆ ಎಂಬ ಪಠ್ಯ: ಐರ್ಲೆಂಡಿನ ಕುಟುಂಬಚರಿತ್ರೆಯ ಒಂದು ಆಕರವನ್ನು ಕುರಿತು

ಕುಟುಂಬಚರಿತ್ರೆಯನ್ನು ಗಂಭೀರ ಸಂಶೋಧನೆಯ ಕಕ್ಷೆಯೊಳಗೆ ಸೇರಿಸಿಕೊಳ್ಳಲು ವಿದ್ವತ್‌ವಲಯ ಬಹುಕಾಲದಿಂದ ಹಿಂಜರಿಯುತ್ತ ಬಂದಿದೆ. ವಂಶಾವಳಿಯ ಹುಡುಕಾಟವೆಂದರೆ ಬಿಡುವಿದ್ದವರ ಹವ್ಯಾಸ, ಇಲ್ಲವೆ ಮನೆತನದ ಹಿರಿಮೆಯನ್ನು ಸಾರಲು ಹೊರಟವರ ಉಮೇದು ಎಂಬ ಧೋರಣೆ ಇಂದಿಗೂ ಪೂರ್ತಿಯಾಗಿ ಅಳಿದಿಲ್ಲ. ಐರ್ಲೆಂಡಿನ ಸಂದರ್ಭದಲ್ಲಿ ಮಾತ್ರ ಈ ಧೋರಣೆ ನಿಲ್ಲುವುದಿಲ್ಲ. ಅಲ್ಲಿ ಒಂದು ಸಾಧಾರಣ ರೈತ ಕುಟುಂಬದ ನಾಲ್ಕು ತಲೆಮಾರುಗಳನ್ನು ಗುರುತಿಸಲು ಹೊರಟವರು ದಾಖಲೆಗಳ ನಾಶ, ಜನರ ಚದುರುವಿಕೆ, ಭಾಷೆಯ ಪಲ್ಲಟ ಎಂಬ ಮೂರು ದೊಡ್ಡ ಬಿರುಕುಗಳನ್ನು ದಾಟಲೇಬೇಕಾಗುತ್ತದೆ. ಈ ಬಿರುಕುಗಳ ನಡುವೆ ಉಳಿದುಬಂದಿರುವ ಆಕರಗಳಲ್ಲಿ ಹಳೆಯ ಪತ್ರಿಕೆಗಳ ಸಣ್ಣ ಪ್ರಕಟಣೆಗಳು ಮುಖ್ಯವಾದವು. ಜನನ, ವಿವಾಹ, ಮರಣಗಳ ಸುದ್ದಿ, ಕಾಣೆಯಾದವರ ಹುಡುಕಾಟ, ಜಮೀನಿನ ಹರಾಜು, ಮನೆಬಿಟ್ಟ ಹೆಂಡತಿಯ ಸಾಲಕ್ಕೆ ತಾನು ಹೊಣೆಯಲ್ಲವೆಂಬ ಗಂಡನ ಎಚ್ಚರಿಕೆ ಇವೆಲ್ಲ ಅದರಲ್ಲಿ ಸೇರುತ್ತವೆ. ಇವುಗಳನ್ನು ಹೆಸರು ಮತ್ತು ತಾರೀಖುಗಳ ಗಣಿಯೆಂದು ಬಳಸಿದವರು ಹಲವರು. ಪಠ್ಯವೆಂದು ಓದಿದವರು ಕಡಿಮೆ. ಪಠ್ಯವೆಂದು ಓದದೆ ಹೋದರೆ ಅವುಗಳಿಂದ ಪಡೆದ ಹೆಸರು ತಾರೀಖುಗಳೂ ನಂಬಿಕೆಗೆ ಅರ್ಹವಾಗುವುದಿಲ್ಲ ಎಂಬುದು ಈ ಬರಹದ ವಾದ.

ಮೊದಲಿಗೆ ದಾಖಲೆಗಳ ಸ್ಥಿತಿಯನ್ನು ನೋಡಬೇಕು. ಡಬ್ಲಿನ್ ನಗರದ ಲಿಫಿ ನದಿಯ ದಂಡೆಯ ಮೇಲಿರುವ ಫೋರ್ ಕೋರ್ಟ್ಸ್ ಎಂಬ ನ್ಯಾಯಾಲಯ ಸಂಕೀರ್ಣದಲ್ಲಿ ಐರ್ಲೆಂಡಿನ ಸಾರ್ವಜನಿಕ ದಾಖಲೆಗಳ ಭಂಡಾರವಿತ್ತು. ಬ್ರಿಟನ್ನಿನೊಡನೆ ಆದ ಒಪ್ಪಂದವನ್ನು ವಿರೋಧಿಸಿದ ಗಣರಾಜ್ಯವಾದಿ ಪಡೆ 1922ರ ಏಪ್ರಿಲ್‌ನಲ್ಲಿ ಈ ಸಂಕೀರ್ಣವನ್ನು ವಶಪಡಿಸಿಕೊಂಡಿತು. ಜೂನ್ 28ರಂದು ಹೊಸ ಸರ್ಕಾರದ ಸೈನ್ಯ ಅದರ ಮೇಲೆ ಫಿರಂಗಿ ದಾಳಿ ಆರಂಭಿಸಿತು. ಜೂನ್ 30ರ ಸ್ಫೋಟ ಮತ್ತು ಬೆಂಕಿಯಲ್ಲಿ ಭಂಡಾರ ನಾಶವಾಯಿತು. 1821, 1831, 1841 ಮತ್ತು 1851ರ ಜನಗಣತಿಗಳ ಮನೆವಾರು ಹಾಳೆಗಳು ಕೆಲವು ತುಣುಕುಗಳನ್ನುಳಿದು ಬೂದಿಯಾದವು. ಶತಮಾನಗಳ ಉಯಿಲುಗಳು ಹೋದವು. ಚರ್ಚ್ ಆಫ್ ಐರ್ಲೆಂಡಿನ ಪ್ಯಾರಿಷ್ ನೋಂದಣಿ ಪುಸ್ತಕಗಳಲ್ಲಿ ಅರ್ಧಕ್ಕೂ ಹೆಚ್ಚು ಇಲ್ಲವಾದವು. ಆದರೆ ಎಲ್ಲ ನಷ್ಟವನ್ನೂ ಈ ಬೆಂಕಿಯ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. 1861 ಮತ್ತು 1871ರ ಗಣತಿಯ ಹಾಳೆಗಳನ್ನು ಅಂಕಿ ಅಂಶ ತೆಗೆದುಕೊಂಡ ಮೇಲೆ ಸರ್ಕಾರವೇ ನಾಶಪಡಿಸಿತ್ತು. 1881 ಮತ್ತು 1891ರ ಹಾಳೆಗಳು ಮೊದಲ ಮಹಾಯುದ್ಧದ ಕಾಲದಲ್ಲಿ ರದ್ದಿಯಾಗಿ ಹೋದವು. ಬೆಂಕಿಗೆ ಸಿಕ್ಕಷ್ಟು ಪ್ರಚಾರ ಕಚೇರಿಯ ಈ ಮೌನ ನಾಶಕ್ಕೆ ಸಿಕ್ಕಿಲ್ಲ.

ಹೀಗಾಗಿ ಐರ್ಲೆಂಡಿನಲ್ಲಿ ಪೂರ್ತಿಯಾಗಿ ಉಳಿದಿರುವ ಅತ್ಯಂತ ಹಳೆಯ ಜನಗಣತಿಯೆಂದರೆ 1901ರದು. ಜನನ ಮರಣಗಳ ಸರ್ಕಾರಿ ನೋಂದಣಿ ಎಲ್ಲರಿಗೂ ಅನ್ವಯವಾದದ್ದು 1864ರಿಂದ. ಕ್ಯಾಥೊಲಿಕ್ ಪ್ಯಾರಿಷ್‌ಗಳ ನೋಂದಣಿ ಪುಸ್ತಕಗಳು, ವಿಶೇಷವಾಗಿ ದೇಶದ ಪಶ್ಚಿಮ ಭಾಗದಲ್ಲಿ, ಹತ್ತೊಂಬತ್ತನೆಯ ಶತಮಾನದ ನಡುವಿಗೆ ಸಮೀಪದಲ್ಲಿ ಆರಂಭವಾಗುತ್ತವೆ. 1847ರಿಂದ 1864ರ ನಡುವೆ ನಡೆದ ಗ್ರಿಫಿತ್‌ನ ಭೂಮೌಲ್ಯಮಾಪನ ಮನೆಯ ಯಜಮಾನನ ಹೆಸರನ್ನು ಮಾತ್ರ ಹೇಳುತ್ತದೆ. ಸುಟ್ಟುಹೋದ ಭಂಡಾರವನ್ನು ಬೇರೆಡೆ ಉಳಿದ ಪ್ರತಿಗಳಿಂದ ಗಣಕದಲ್ಲಿ ಪುನಾರಚಿಸುವ ಯೋಜನೆಯೊಂದು ನಾಶದ ನೂರನೆಯ ವರ್ಷವಾದ 2022ರ ಜೂನ್‌ನಲ್ಲಿ ಲೋಕಾರ್ಪಣೆಗೊಂಡಿದೆ. ಅದು ಸ್ತುತ್ಯವಾದ ಕಾರ್ಯ. ಆದರೆ ನಕಲೇ ಆಗದೆ ಸುಟ್ಟ ಹಾಳೆಯನ್ನು ಯಾವ ಯೋಜನೆಯೂ ಮರಳಿಸಲಾರದು.

ಪತ್ರಿಕೆ ಉಳಿದದ್ದು ಅದು ಅಚ್ಚಾದದ್ದರಿಂದ. ಒಂದು ಊರಿನ ಪ್ರತಿ ಹಾಳಾದರೆ ಇನ್ನೊಂದು ಊರಿನದು ಸಿಗುತ್ತದೆ. 1737ರಲ್ಲಿ ಆರಂಭವಾದ 'ಬೆಲ್‌ಫಾಸ್ಟ್ ನ್ಯೂಸ್‌ಲೆಟರ್', 1763ರಿಂದ 1924ರವರೆಗೆ ನಡೆದ ಡಬ್ಲಿನ್ನಿನ 'ಫ್ರೀಮನ್ಸ್ ಜರ್ನಲ್', 1841ರ 'ಕಾರ್ಕ್ ಎಕ್ಸಾಮಿನರ್' ಮೊದಲಾದವುಗಳಲ್ಲಿ ಜನನ, ವಿವಾಹ, ಮರಣಗಳ ಪ್ರಕಟಣೆಗಳು ಅಪಾರವಾಗಿವೆ. ಸುಟ್ಟ ದಾಖಲೆಗೆ ಇವು ಬದಲಿ ಎಂಬಂತೆ ವಂಶಾವಳಿಕಾರರು ಇವುಗಳ ಕಡೆ ಓಡುತ್ತಾರೆ. ಬದಲಿ ಎಂಬ ಮಾತೇ ತಪ್ಪು ದಾರಿಗೆ ಎಳೆಯುವಂಥದು. ಜನಗಣತಿಯ ಅಧಿಕಾರಿ ಎಲ್ಲರ ಮನೆಬಾಗಿಲಿಗೂ ಹೋದವನು. ಪತ್ರಿಕೆಯ ಪ್ರಕಟಣೆಯಾದರೋ ಅದನ್ನು ಹಾಕಿಸಿದವರ ಕೈಯಿಂದ, ಬಹುತೇಕ ಹಣಕೊಟ್ಟು ಬಂದದ್ದು. ಜಾಹೀರಾತಿನ ಮೇಲಿನ ತೆರಿಗೆ ರದ್ದಾದದ್ದೇ 1853ರಲ್ಲಿ. ಹದಿನೆಂಟನೆಯ ಶತಮಾನದ ಪತ್ರಿಕೆಯಲ್ಲಿ ಹುಟ್ಟುವವರು, ಮದುವೆಯಾಗುವವರು, ಸಾಯುವವರು ಬಹುಮಟ್ಟಿಗೆ ಜಮೀನುದಾರರು, ವರ್ತಕರು, ಪಾದ್ರಿಗಳು, ಸೇನಾಧಿಕಾರಿಗಳು. ಗೇಣಿದಾರನೂ ಕೂಲಿಯೂ ಅಲ್ಲಿ ಸತ್ತರೆ ಅದು ಕೊಲೆಯಿಂದಲೋ ಗಲ್ಲಿನಿಂದಲೋ ಅಪಘಾತದಿಂದಲೋ ಆಗಿರಬೇಕು.

ಈ ಪ್ರಕಟಣೆಗಳ ಭಾಷೆ ಸೂತ್ರಬದ್ಧವಾದದ್ದು. ಕನ್ನಡದ ವಿದ್ವಾಂಸರಿಗೆ ಇದರಲ್ಲಿ ಅಪರಿಚಿತವಾದದ್ದು ಏನೂ ಇಲ್ಲ. ಶಾಸನದ ಪ್ರಶಸ್ತಿಭಾಗವನ್ನು ಅರಸನ ಚರಿತ್ರೆಯೆಂದು ಓದಬಾರದು, ಅದು ಪ್ರಶಸ್ತಿಯೆಂಬ ಪ್ರಕಾರದ ನುಡಿಗಟ್ಟು ಎಂಬುದನ್ನು ಶಾಸನಾಧ್ಯಯನ ಬಹುಹಿಂದೆಯೇ ಕಲಿಸಿದೆ. ಮೃತನು 'ಎಲ್ಲರ ಶೋಕಕ್ಕೆ ಪಾತ್ರನಾದ' ಎಂಬ ಮಾತು ಐರಿಷ್ ಪತ್ರಿಕೆಯಲ್ಲಿ ಕಂಡರೆ ಅದನ್ನು ಅವನ ಗುಣಕ್ಕೆ ಸಾಕ್ಷಿಯೆಂದು ತೆಗೆದುಕೊಳ್ಳಲಾಗದು. ಸೂತ್ರದಲ್ಲಿ ಏನು ಇದೆ ಎಂಬುದಕ್ಕಿಂತ ಏನು ಇಲ್ಲ ಎಂಬುದೇ ಹೆಚ್ಚು ಮಾತನಾಡುತ್ತದೆ. ಜನನದ ಪ್ರಕಟಣೆಯಲ್ಲಿ ಇಂಥ ಊರಿನ ಇಂಥ ಮಹನೀಯರ ಪತ್ನಿಗೆ ಗಂಡುಮಗು ಎಂದಿರುತ್ತದೆ. ಹೆತ್ತವಳ ಹೆಸರಿಲ್ಲ, ಹುಟ್ಟಿದ ಮಗುವಿನ ಹೆಸರಂತೂ ಇಲ್ಲ. ವಿವಾಹದ ಪ್ರಕಟಣೆಯಲ್ಲಿ ವಧು ಇಂಥವರ ಮೂರನೆಯ ಮಗಳು. ವಿಧವೆ ಸತ್ತಾಗಲೂ ಅವಳು ದಿವಂಗತ ಇಂಥವರ ವಿಧವೆ. ತಂದೆಯ ಮನೆಯಿಂದ ಗಂಡನ ಮನೆಗೆ, ಅಲ್ಲಿಂದ ಸ್ಮಶಾನಕ್ಕೆ ಸಾಗಿದ ಹೆಣ್ಣಿನ ಬದುಕು ಮೂರು ಪ್ರಕಟಣೆಗಳಲ್ಲಿ ದಾಖಲಾಗಿಯೂ ಅವಳ ಹೆಸರೇ ಎಲ್ಲೂ ಬಾರದಿರುವುದು ಸಾಧ್ಯ. ಇಂಥ ಪ್ರಕಟಣೆಗಳಿಂದ ಕಟ್ಟಿದ ವಂಶವೃಕ್ಷ ಗಂಡಸರ ವೃಕ್ಷವೇ ಆಗಿರುತ್ತದೆ. ಆಕರದ ಈ ಸ್ವಭಾವವನ್ನು ಸಮಾಜದ ಸ್ವಭಾವವೆಂದು ತಿಳಿಯುವ ತಪ್ಪು ಹಲವು ಕುಟುಂಬಚರಿತ್ರೆಗಳಲ್ಲಿ ಕಾಣಸಿಗುತ್ತದೆ.

ಇನ್ನೊಂದು ತೊಡಕು ನಕಲಿನದು. ಪ್ರಾಂತೀಯ ಪತ್ರಿಕೆಗಳು ರಾಜಧಾನಿಯ ಪತ್ರಿಕೆಗಳಿಂದ, ರಾಜಧಾನಿಯವು ಪ್ರಾಂತೀಯ ಪತ್ರಿಕೆಗಳಿಂದ ಧಾರಾಳವಾಗಿ ಎತ್ತಿಕೊಳ್ಳುತ್ತಿದ್ದವು. ಒಂದು ಮರಣದ ಸುದ್ದಿ ನಾಲ್ಕು ಪತ್ರಿಕೆಗಳಲ್ಲಿ ಸಿಕ್ಕಿದರೆ ನಾಲ್ಕು ಸಾಕ್ಷ್ಯಗಳು ಸಿಕ್ಕವೆಂದು ಹಿಗ್ಗುವುದುಂಟು. ಮೂರು ಪತ್ರಿಕೆಗಳು ಒಂದನ್ನೇ ನೋಡಿ ಅಚ್ಚುಮಾಡಿದ್ದರೆ ಇರುವ ಸಾಕ್ಷ್ಯ ಒಂದೇ. ಹಸ್ತಪ್ರತಿಗಳ ವಿಚಾರದಲ್ಲಿ ಡಿ.ಎಲ್. ನರಸಿಂಹಾಚಾರ್ ಮೊದಲಾದವರು ಕನ್ನಡಕ್ಕೆ ಕಲಿಸಿದ ಮೊದಲ ಪಾಠವೇ ಪ್ರತಿಗಳನ್ನು ಎಣಿಸಬೇಡಿ, ಅವುಗಳ ಸಂಬಂಧವನ್ನು ತೂಗಿ ನೋಡಿ ಎಂಬುದು. ಮೂಲಪ್ರತಿಯಲ್ಲಿ ಆದ ಸ್ಖಾಲಿತ್ಯ ಅದರ ಸಂತತಿಯ ಎಲ್ಲ ಪ್ರತಿಗಳಲ್ಲೂ ಇಳಿದುಬರುತ್ತದೆ. ಪತ್ರಿಕಾ ಪ್ರಕಟಣೆಗೂ ಇದೇ ನ್ಯಾಯ. ಮನುಷ್ಯರ ವಂಶವೃಕ್ಷವನ್ನು ಬರೆಯುವ ಮೊದಲು ಪ್ರಕಟಣೆಗಳ ವಂಶವೃಕ್ಷವನ್ನು ಬರೆಯಬೇಕಾಗುತ್ತದೆ. ಮೂಲ ಪತ್ರಿಕೆಯಲ್ಲಿ 'ಕಳೆದ ಮಂಗಳವಾರ' ಎಂದಿದ್ದದ್ದನ್ನು ಹತ್ತು ದಿನ ತಡವಾಗಿ ಇನ್ನೊಂದು ಪತ್ರಿಕೆ ಹಾಗೆಯೇ ಎತ್ತಿಕೊಂಡರೆ ಮನುಷ್ಯ ಸತ್ತ ದಿನವೇ ಬದಲಾಗಿಬಿಡುತ್ತದೆ. 1752ಕ್ಕಿಂತ ಹಿಂದಿನ ಪತ್ರಿಕೆಗಳಾದರೆ ಹಳೆಯ ಪಂಚಾಂಗದ ತೊಡಕೂ ಸೇರುತ್ತದೆ. ಆಗ ಹೊಸ ವರ್ಷ ಆರಂಭವಾಗುತ್ತಿದ್ದದ್ದು ಮಾರ್ಚ್ 25ರಂದು. ಫೆಬ್ರವರಿಯ ಮದುವೆಯನ್ನು ಯಾವ ವರ್ಷಕ್ಕೆ ಹಾಕಬೇಕೆಂಬ ಪ್ರಶ್ನೆ, ಶಕವರ್ಷ ಮತ್ತು ಸಂವತ್ಸರ ಹೊಂದದ ಶಾಸನದ ಮುಂದೆ ಕುಳಿತವರಿಗೆ ಹೊಸದೆನಿಸದು.

ಪತ್ರಿಕೆಯ ಮಾತನ್ನು ಎಷ್ಟು ನಂಬಬೇಕೆಂಬುದಕ್ಕೆ ಐರಿಷ್ ಸಾಹಿತ್ಯದಲ್ಲೇ ಒಂದು ಪ್ರಸಿದ್ಧ ನಿದರ್ಶನವಿದೆ. ಜೇಮ್ಸ್ ಜಾಯ್ಸ್‌ನ 'ಯುಲಿಸಿಸ್' ಕಾದಂಬರಿಯ ನಾಯಕ ಬ್ಲೂಮ್ ಸ್ವತಃ ಪತ್ರಿಕೆಗೆ ಜಾಹೀರಾತು ಸಂಗ್ರಹಿಸುವವನು. ಬೆಳಿಗ್ಗೆ ಗೆಳೆಯನೊಬ್ಬನ ಶವಸಂಸ್ಕಾರಕ್ಕೆ ಹೋಗಿಬಂದ ಅವನು ಅದರ ವರದಿಯನ್ನು ಸಂಜೆಯ ಪತ್ರಿಕೆಯಲ್ಲಿ ಓದುತ್ತಾನೆ. ಅದರಲ್ಲಿ ಅವನ ಹೆಸರು 'ಬೂಮ್' ಎಂದು ಅಚ್ಚಾಗಿದೆ. ಅಲ್ಲಿಗೆ ಬಾರದಿದ್ದವರ ಹೆಸರು ಹಾಜರಿದ್ದವರ ಪಟ್ಟಿಯಲ್ಲಿದೆ. ಅಪರಿಚಿತನೊಬ್ಬನು ತೊಟ್ಟಿದ್ದ ಮಳೆಯಂಗಿಯ ಹೆಸರೇ ಅವನ ಹೆಸರಾಗಿ ಹೋಗಿದೆ. ನೂರು ವರ್ಷಗಳ ನಂತರ ಬ್ಲೂಮ್ ಮನೆತನದ ಕುಡಿಯೊಂದು ಈ ಪತ್ರಿಕೆಯನ್ನು ಆಕರವಾಗಿ ಹಿಡಿದು ಕುಳಿತರೆ ಏನಾದೀತು ಎಂಬುದನ್ನು ಊಹಿಸಬಹುದು. 

ಹೆಂಗಸರ ಹೆಸರು ಸ್ಪಷ್ಟವಾಗಿ ಅಚ್ಚಾಗಿರುವ ಒಂದು ಪ್ರಕಟಣೆಯೂ ಇದೆ, ಆದರೆ ಅದು ಆರೋಪದ ರೂಪದ್ದು. ತನ್ನ ಹೆಂಡತಿ ತನ್ನನ್ನು ಬಿಟ್ಟು ಹೋಗಿದ್ದಾಳೆ, ಅವಳಿಗೆ ಯಾರೂ ಸಾಲ ಕೊಡಕೂಡದು, ಕೊಟ್ಟರೆ ತಾನು ತೀರಿಸುವುದಿಲ್ಲ ಎಂದು ಗಂಡನು ಹಾಕಿಸುವ ಪ್ರಕಟಣೆ ಅದು. ಮದುವೆಯಾದ ಹೆಣ್ಣಿಗೆ ಸ್ವಂತ ಆಸ್ತಿಯಿಲ್ಲದ, ಅವಳ ಸಾಲಕ್ಕೆ ಗಂಡನೇ ಹೊಣೆಯಾಗಿದ್ದ ಕಾನೂನಿನ ಕೂಸು ಈ ಪ್ರಕಾರ. ವಿವಾಹಿತ ಸ್ತ್ರೀಯರ ಆಸ್ತಿ ಕಾಯ್ದೆ ಬಂದದ್ದು 1882ರಲ್ಲಿ. ಕೆಲವೊಮ್ಮೆ ಹೆಂಡತಿಯೂ ಉತ್ತರ ಹಾಕಿಸುತ್ತಿದ್ದಳು: ತಾನಾಗಿ ಹೋದದ್ದಲ್ಲ, ಹೊಡೆತ ತಾಳಲಾರದೆ ಹೋದದ್ದು, ಅಥವಾ ತಾನು ತಂದ ವರದಕ್ಷಿಣೆಯನ್ನು ಅವನು ಕರಗಿಸಿದ್ದಾನೆ ಎಂದು. ಇಂಥ ಉತ್ತರಗಳು ಅಪರೂಪ. ಉತ್ತರವಿಲ್ಲದ ಕಡೆ ಗಂಡನ ಪ್ರಕಟಣೆಯೇ ಅವಳ ಚರಿತ್ರೆಯಾಗಿ ಉಳಿದುಬಿಡುತ್ತದೆ. 'ಓಡಿಹೋದವಳು' ಎಂಬ ಒಂದು ಪದವನ್ನು ವಂಶಾವಳಿಯ ಪಟ್ಟಿಗೆ ಇಳಿಸುವವರು, ಅದು ಸಾಲಗಾರರನ್ನು ದೂರವಿಡಲು ಬರೆದ ವ್ಯಾವಹಾರಿಕ ಪಠ್ಯವೆಂಬುದನ್ನು ಮರೆಯಬಾರದು.

ಜಮೀನಿನ ಜಾಹೀರಾತುಗಳಲ್ಲಿಯೂ ಕುಟುಂಬದ ಎಳೆಗಳಿವೆ. ಗುತ್ತಿಗೆಯ ಅವಧಿ 'ಮೂರು ಜೀವ' ಎಂದು ಅಲ್ಲಿ ಕಾಣುತ್ತದೆ. ಗುತ್ತಿಗೆ ಪತ್ರದಲ್ಲಿ ಹೆಸರಿಸಿದ ಮೂವರಲ್ಲಿ ಕೊನೆಯವನು ಸಾಯುವವರೆಗೆ ಭೂಮಿ ಗೇಣಿದಾರನದು. ಆದ್ದರಿಂದ ಅವನು ತನ್ನ ಎಳೆಯ ಮಕ್ಕಳ ಹೆಸರನ್ನು ಬರೆಸುತ್ತಿದ್ದ. ಕ್ಯಾಥೊಲಿಕರಿಗೆ 1778ರವರೆಗೆ ಈ ಸೌಲಭ್ಯವಿರಲಿಲ್ಲ, 31 ವರ್ಷವೇ ಅವರ ಮಿತಿ. ಒಂದು ಮಗುವಿನ ಆಯುಸ್ಸು ಇಡೀ ಮನೆತನದ ನೆಲಕ್ಕೆ ಅಳತೆಗೋಲಾಗಿದ್ದ ಈ ವ್ಯವಸ್ಥೆ ಬೇರೆಯೇ ಅಧ್ಯಯನವನ್ನು ಬೇಡುತ್ತದೆ.

ಬಡವರ ಮಾತು ಪತ್ರಿಕೆಯಲ್ಲಿ ಕೇಳಿಸತೊಡಗುವುದು ಅವರು ಐರ್ಲೆಂಡನ್ನು ಬಿಟ್ಟ ಮೇಲೆ. 1845ರಲ್ಲಿ ಆಲೂಗಡ್ಡೆಯ ಬೆಳೆಗೆ ತಗುಲಿದ ರೋಗ ಮುಂದಿನ ವರ್ಷಗಳಲ್ಲಿ ಮಹಾಕ್ಷಾಮವಾಯಿತು. ಸುಮಾರು ಹತ್ತು ಲಕ್ಷ ಜನ ಹಸಿವು ಮತ್ತು ಜ್ವರಕ್ಕೆ ತುತ್ತಾದರು. ಅಷ್ಟೇ ಜನ ಹಡಗು ಹತ್ತಿದರು. 1841ರಲ್ಲಿ 81 ಲಕ್ಷ ದಾಟಿದ್ದ ಜನಸಂಖ್ಯೆ 1851ರಲ್ಲಿ 66 ಲಕ್ಷಕ್ಕಿಂತ ಕೆಳಗಿಳಿಯಿತು. ಅಮೆರಿಕದ ಬಾಸ್ಟನ್ ನಗರದ ಕ್ಯಾಥೊಲಿಕ್ ವಾರಪತ್ರಿಕೆ 'ಪೈಲಟ್' 1831ರ ಅಕ್ಟೋಬರ್‌ನಿಂದ 1921ರ ಅಕ್ಟೋಬರ್‌ವರೆಗೆ, ಅಂದರೆ ಸರಿಯಾಗಿ ತೊಂಬತ್ತು ವರ್ಷ, 'ಕಾಣೆಯಾದ ಆಪ್ತರು' ಎಂಬ ಅಂಕಣವನ್ನು ಪ್ರಕಟಿಸಿತು. ಅದರಲ್ಲಿ ಬಂದ ಪ್ರಕಟಣೆಗಳ ಸಂಖ್ಯೆ 40 ಸಾವಿರಕ್ಕೂ ಹೆಚ್ಚು. ಇವು 1989ರಿಂದ ಸಂಪುಟಗಳಾಗಿ ಸಂಪಾದಿತವಾಗಿ ಬಂದಿವೆ, ಗಣಕದಲ್ಲಿಯೂ ಲಭ್ಯವಾಗಿವೆ.

ಈ ಅಂಕಣದ ಮಹತ್ವವನ್ನು ಎರಡು ನೆಲೆಗಳಿಂದ ನೋಡಬೇಕು. ಮೊದಲನೆಯದು ಮಾಹಿತಿಯ ನೆಲೆ. ವಲಸಿಗರ ಕುರಿತ ಅಮೆರಿಕದ ಸರ್ಕಾರಿ ದಾಖಲೆಗಳು ಹುಟ್ಟಿದ ಸ್ಥಳದ ಕಾಲಮಿನಲ್ಲಿ 'ಐರ್ಲೆಂಡ್' ಎಂದಷ್ಟೇ ಬರೆದು ಮುಗಿಸುತ್ತವೆ. ಐರ್ಲೆಂಡಿನ ದಾಖಲೆಗಳಾದರೋ ಕೌಂಟಿ, ಪ್ಯಾರಿಷ್, ಅದಕ್ಕೂ ಕೆಳಗಿನ ಟೌನ್‌ಲ್ಯಾಂಡ್ ಎಂಬ ಅತಿ ಚಿಕ್ಕ ಭೂಘಟಕದ ಹೆಸರು ತಿಳಿಯದೆ ಬಾಗಿಲು ತೆರೆಯುವುದಿಲ್ಲ. ಇಂಥ ಟೌನ್‌ಲ್ಯಾಂಡುಗಳು ಆ ದ್ವೀಪದಲ್ಲಿ 60 ಸಾವಿರಕ್ಕೂ ಹೆಚ್ಚಾಗಿವೆ. ಎರಡು ದಡಗಳ ನಡುವಿನ ಈ ಅಂತರವನ್ನು ಕೂಡಿಸುವ ಸೇತುವೆ ಕಾಣೆಯಾದವರ ಪ್ರಕಟಣೆ. ಏಕೆಂದರೆ ಹುಡುಕುವವರಿಗೆ ತಮ್ಮವರನ್ನು ಅದೇ ಹೆಸರಿನ ನೂರಾರು ಜನರಿಂದ ಬೇರ್ಪಡಿಸಬೇಕಾಗಿತ್ತು. ಮೊದಲ ಮಗನಿಗೆ ತಂದೆಯ ತಂದೆಯ ಹೆಸರನ್ನಿಡುವ ವಾಡಿಕೆ ಅಲ್ಲಿಯೂ ಇದ್ದುದರಿಂದ ಒಂದೇ ಹೆಸರು ಒಂದೇ ಪ್ಯಾರಿಷ್‌ನಲ್ಲಿ ಹತ್ತಾರು ಮನೆಗಳಲ್ಲಿ ತಿರುಗುತ್ತಿತ್ತು. ಆದ್ದರಿಂದ ಹುಟ್ಟಿದೂರು, ತಂದೆಯ ಹೆಸರು, ಕಸುಬು, ಹಡಗು ಹತ್ತಿದ ಬಂದರು, ಬಂದಿಳಿದ ಬಂದರು, ಕಾಲುವೆಯೋ ರೈಲುದಾರಿಯೋ ಯಾವುದರ ಕೆಲಸದಲ್ಲಿದ್ದನೆಂಬುದು, ಕೊನೆಯ ಕಾಗದ ಎಲ್ಲಿಂದ ಬಂತೆಂಬುದು ಇವೆಲ್ಲವೂ ಕೆಲವೇ ಸಾಲುಗಳಲ್ಲಿ ಅಡಕಗೊಂಡವು. ಹೆಂಗಸರ ತವರಿನ ಮನೆತನದ ಹೆಸರು ಕೂಡ ಇಲ್ಲಿ ಬರುತ್ತದೆ. ಸಿರಿವಂತರ ವಿವಾಹದ ಪ್ರಕಟಣೆಯಲ್ಲಿ ಬಾರದ ಹೆಣ್ಣಿನ ಹೆಸರು ಬಡವರ ಹುಡುಕಾಟದ ಪ್ರಕಟಣೆಯಲ್ಲಿ ಬರುವುದು ಔದಾರ್ಯದಿಂದಲ್ಲ, ಗುರುತಿನ ಅಗತ್ಯದಿಂದ.

ಎರಡನೆಯದು ಕಥನದ ನೆಲೆ. ಗಂಡನನ್ನು ಹುಡುಕಿಕೊಂಡು ಮಕ್ಕಳೊಡನೆ ಬಂದಿಳಿದ ಹೆಂಡತಿ, ತಮ್ಮನನ್ನು ಹುಡುಕುವ ಅಕ್ಕ, ಮಗನ ಸುದ್ದಿಗಾಗಿ ಐರ್ಲೆಂಡಿನಿಂದಲೇ ಬರೆಸಿದ ತಾಯಿ ಇವರೆಲ್ಲರ ಮಾತು ಪತ್ರಿಕೆಯ ಗುಮಾಸ್ತನ ಅಥವಾ ಪಾದ್ರಿಯ ಕೈದಾಟಿ ಸೂತ್ರದ ಒಳಗೆ ಬಿದ್ದಿದೆ. ಹೇಳುವವರಲ್ಲಿ ಹಲವರಿಗೆ ಬರೆಯಲು ಬಾರದು. ಜಾಗಕ್ಕೆ ಹಣ ತೆರಬೇಕು. ಆದ್ದರಿಂದ ದುಃಖಕ್ಕೆ ಇಲ್ಲಿ ಸ್ಥಳವಿಲ್ಲ, ಅಂಗಚಹರೆಗೆ ಇದೆ. ಈ ಜಿಪುಣ ಭಾಷೆಯನ್ನು ಭಾವಶೂನ್ಯವೆಂದು ತಳ್ಳಿಹಾಕುವ ಓದು ಎಷ್ಟು ಅಸಮರ್ಪಕವೋ, ಪ್ರತಿಯೊಂದು ಪ್ರಕಟಣೆಯಲ್ಲೂ ಕಣ್ಣೀರು ಕಾಣುವ ಓದೂ ಅಷ್ಟೇ ಅಸಮರ್ಪಕ. ಸಿಕ್ಕಬಾರದೆಂದೇ ಮರೆಯಾದವನೂ ಕಾಣೆಯಾದವರಲ್ಲಿ ಇರಬಹುದು. ಹೊಸ ನಾಡಿನಲ್ಲಿ ಇನ್ನೊಂದು ಸಂಸಾರ ಹೂಡಿದವನಿಗೆ ಈ ಅಂಕಣ ಭಯದ ಮೂಲವೇ ಆಗಿದ್ದೀತು. ಅವನ ಕೈಯಿಂದ ಬಂದ ಪ್ರಕಟಣೆ ಅಲ್ಲಿ ಇರುವುದಿಲ್ಲ.

ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಹುಡುಕಿದವರು ಸಿಕ್ಕಿದರೇ ಎಂಬ ಪ್ರಶ್ನೆಗೆ ಪತ್ರಿಕೆ ಉತ್ತರ ಕೊಡುವುದಿಲ್ಲ. ಸಿಕ್ಕ ಮೇಲೆ ಪ್ರಕಟಣೆ ಹಾಕಿಸುವ ಅಗತ್ಯ ಯಾರಿಗೂ ಇರಲಿಲ್ಲ. ಕುಟುಂಬಚರಿತ್ರೆಗೆ ಆದಿ, ಅಂತ್ಯ, ಸಂತತಿ ಬೇಕು. ಈ ಪ್ರಕಟಣೆ ಹಿಡಿದಿಟ್ಟಿರುವುದು ಕುಟುಂಬವೊಂದು ಮುರಿದ ಗಳಿಗೆಯನ್ನು ಮಾತ್ರ. ಅದನ್ನು ವಂಶವೃಕ್ಷದ ಕೊಂಬೆಯಾಗಿ ಪರಿವರ್ತಿಸುವಾಗ ಸಂಶೋಧಕರು ಬಹುಸಾರಿ ಮುರಿದದ್ದನ್ನು ತಾವೇ ಬೆಸೆಯುತ್ತಾರೆ: ಅದೇ ಹೆಸರಿನ, ಹೆಚ್ಚು ಕಡಿಮೆ ಅದೇ ವಯಸ್ಸಿನ ಒಬ್ಬನು ಹತ್ತು ವರ್ಷದ ನಂತರ ಇನ್ನೊಂದು ರಾಜ್ಯದ ಜನಗಣತಿಯಲ್ಲಿ ಸಿಕ್ಕಿದರೆ ಅವನೇ ಇವನು ಎಂದು. ತಮ್ಮ ಪೂರ್ವಜ ಬದುಕಿದ್ದನೆಂದು ನಂಬುವ ಬಯಕೆ ಸಹಜವಾದದ್ದೇ. ಬಯಕೆ ಸಾಕ್ಷ್ಯವಾಗುವುದಿಲ್ಲ. ಕಾಣೆಯಾದವನನ್ನು ಕಾಣೆಯಾದವನೆಂದೇ ಬರೆದಿಟ್ಟ ವಂಶಾವಳಿ, ಎಲ್ಲ ಮನೆಗಳನ್ನೂ ತುಂಬಿದ ವಂಶಾವಳಿಗಿಂತ ಹೆಚ್ಚು ನಂಬಲರ್ಹವಾದದ್ದು. ಕವಿಯ ಕಾಲ ತಿಳಿಯದ ಕಡೆ ಅದೇ ಹೆಸರಿನ ದಾನಿಯೊಬ್ಬನ ಶಾಸನ ಸಿಕ್ಕಿತೆಂದು ಇಬ್ಬರನ್ನೂ ಒಂದುಮಾಡಿದ ಉದಾಹರಣೆಗಳು ಕನ್ನಡ ಸಾಹಿತ್ಯ ಚರಿತ್ರೆಯ ಚರ್ಚೆಗಳಲ್ಲಿಯೂ ಇಲ್ಲದಿಲ್ಲ.

ಭಾಷೆಯ ಪ್ರಶ್ನೆ ಇವೆಲ್ಲಕ್ಕಿಂತ ಆಳವಾದದ್ದು. ಐರ್ಲೆಂಡಿನ ಜನಗಣತಿ ಭಾಷೆಯನ್ನು ಕುರಿತು ಮೊದಲ ಬಾರಿಗೆ ವಿಚಾರಿಸಿದ್ದು 1851ರಲ್ಲಿ. ಕ್ಷಾಮದ ನಂತರವೂ ಸುಮಾರು 15 ಲಕ್ಷ ಜನ ಐರಿಷ್ ಬಲ್ಲವರೆಂದು, ಅವರಲ್ಲಿ 3 ಲಕ್ಷಕ್ಕೂ ಹೆಚ್ಚು ಜನರಿಗೆ ಐರಿಷ್ ಹೊರತು ಬೇರೆ ಭಾಷೆ ಬಾರದೆಂದು ಅದು ಲೆಕ್ಕ ಕೊಟ್ಟಿತು. ಕ್ಷಾಮದಲ್ಲಿ ಸತ್ತವರು, ವಲಸೆ ಹೋದವರು ಹೆಚ್ಚಾಗಿ ಈ ಭಾಷೆಯ ಸೀಮೆಯವರೇ. ಪತ್ರಿಕೆಗಳು ಮಾತ್ರ ಇಂಗ್ಲಿಷಿನವು. ಐರಿಷ್ ಭಾಷೆಯ ವಾರಪತ್ರಿಕೆ ನೆಲೆ ಕಾಣಲು 1890ರ ದಶಕದ ಕೊನೆಯವರೆಗೆ ಕಾಯಬೇಕಾಯಿತು. ಎಂದರೆ ಹೆಸರು ಅಚ್ಚಾಗುವ ಹೊತ್ತಿಗೇ ಅನುವಾದಗೊಂಡಿರುತ್ತಿತ್ತು. 'ಮ್ಯಾಕ್ ಗವನ್' ಎಂದರೆ ಕಮ್ಮಾರನ ಮಗ. ಆ ಮನೆತನದ ಒಂದು ಕವಲು ಧ್ವನಿಯನ್ನು ಉಳಿಸಿಕೊಂಡು ಮೆಕ್‌ಗೋವನ್ ಆಯಿತು, ಇನ್ನೊಂದು ಕವಲು ಅರ್ಥವನ್ನು ಹಿಡಿದು ಸ್ಮಿತ್ ಆಯಿತು. 'ಓ', 'ಮ್ಯಾಕ್' ಎಂಬ ಪೂರ್ವಪದಗಳನ್ನು ಒಂದು ತಲೆಮಾರು ಕಳಚಿತು, ರಾಷ್ಟ್ರೀಯ ಚಳವಳಿಯ ಕಾಲದ ಇನ್ನೊಂದು ತಲೆಮಾರು ಮರಳಿ ಧರಿಸಿತು. ಬ್ರಾಂಟೆ ಸೋದರಿಯರ ತಂದೆ ಡೌನ್ ಕೌಂಟಿಯ ಪ್ಯಾಟ್ರಿಕ್ 1802ರಲ್ಲಿ ಕೇಂಬ್ರಿಜ್ ಸೇರಿದಾಗ ಅಲ್ಲಿನ ಪುಸ್ತಕದಲ್ಲಿ 'ಬ್ರಾಂಟಿ' ಎಂದು ದಾಖಲಾದ. ಊರಿನಲ್ಲಿ ಆ ಮನೆತನ ಬ್ರಂಟಿ, ಪ್ರಂಟಿ ಎಂದೆಲ್ಲ ಕರೆಸಿಕೊಳ್ಳುತ್ತಿತ್ತು. ಊರಿನ ಹೆಸರುಗಳದೂ ಇದೇ ಪಾಡು. 1824ರಲ್ಲಿ ಆರಂಭವಾದ ಭೂಮಾಪನ ಇಲಾಖೆಯ ಕೆಲಸ ಅವುಗಳಿಗೆ ಇಂಗ್ಲಿಷ್ ಕಾಗುಣಿತವನ್ನು ನಿಗದಿಪಡಿಸಿತು. ಬಾಸ್ಟನ್ನಿನ ಮೊಳೆ ಜೋಡಿಸುವವನಿಗೆ ಆ ನಕಾಶೆಯ ಹಂಗಿರಲಿಲ್ಲ, ಕಿವಿಗೆ ಬಿದ್ದಂತೆ ಜೋಡಿಸಿದ. ಸರಿಯಾದ ಕಾಗುಣಿತಕ್ಕಾಗಿ ತಡಕುವವರು ಇಲ್ಲಿ ಸೋಲುತ್ತಾರೆ. ಪಾಠಾಂತರಗಳ ನಡುವೆ ಆಡುನುಡಿಯ ಧ್ವನಿಯನ್ನು ಕೇಳಿಸಿಕೊಳ್ಳಬಲ್ಲವರಿಗೆ ಮಾತ್ರ ದಾರಿ ಸಿಗುತ್ತದೆ.

ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ತರುಣ ಕುವೆಂಪು ಅವರಿಗೆ ತಾಯ್ನುಡಿಯಲ್ಲಿ ಬರೆಯುವಂತೆ ಮೈಸೂರಿನಲ್ಲಿ ಹೇಳಿದವರು ಬೆಲ್‌ಫಾಸ್ಟಿನಲ್ಲಿ ಹುಟ್ಟಿದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಎಂಬುದು ಕನ್ನಡಿಗರೆಲ್ಲರಿಗೆ ತಿಳಿದ ವಿಷಯ. ಕಸಿನ್ಸ್ ಸ್ವತಃ ಬರೆದದ್ದು ಇಂಗ್ಲಿಷಿನಲ್ಲಿ. ಅವರ ನಾಡಿನಲ್ಲಿ ಸಾವಿನ ಸುದ್ದಿಯೂ ಸತ್ತವರ ಭಾಷೆಯಲ್ಲಿ ಅಚ್ಚಾಗದ ಚರಿತ್ರೆಯಿತ್ತೆಂಬುದನ್ನು ಆ ಸಲಹೆಯ ಹಿನ್ನೆಲೆಯಲ್ಲಿಟ್ಟು ನೋಡುವುದು ಉಚಿತ.

ಕರ್ನಾಟಕದೊಂದಿಗೆ ಈ ಆಕರಕ್ಕೆ ನೇರವಾದ ನಂಟೂ ಇದೆ. ಈಸ್ಟ್ ಇಂಡಿಯಾ ಕಂಪನಿಯ ಯುರೋಪಿಯನ್ ಪಡೆಗಳಿಗೆ ಐರ್ಲೆಂಡ್ ದೊಡ್ಡ ಸಂಖ್ಯೆಯಲ್ಲಿ ಸಿಪಾಯಿಗಳನ್ನು ಕೊಟ್ಟ ನಾಡು. ಕಂಪನಿಯ ಮದ್ರಾಸು ಯುರೋಪಿಯನ್ ಪಡೆಯಿಂದ ಬೆಳೆದುಬಂದ ರೆಜಿಮೆಂಟು 1881ರಲ್ಲಿ 'ರಾಯಲ್ ಡಬ್ಲಿನ್ ಫ್ಯುಸಿಲಿಯರ್ಸ್' ಎಂಬುದರ ಭಾಗವಾಯಿತು. ಡಬ್ಲಿನ್ನಿನ ದಾಖಲೆ ಭಂಡಾರ ಸುಟ್ಟ 1922ರಲ್ಲಿಯೇ ಅದೂ ವಿಸರ್ಜನೆಗೊಂಡಿತು. 1809ರಲ್ಲಿ ಬೆಂಗಳೂರು ದಂಡುಪ್ರದೇಶ ಸ್ಥಾಪನೆಯಾದ ಮೇಲೆ ಅಲ್ಲಿ ಆದ ಜನನ ಮರಣಗಳ ಸುದ್ದಿ ಮದ್ರಾಸಿನ ಪತ್ರಿಕೆಗಳಲ್ಲಿ, ಅಲ್ಲಿಂದ 1816ರಲ್ಲಿ ಆರಂಭವಾದ ಲಂಡನ್ನಿನ 'ಏಷಿಯಾಟಿಕ್ ಜರ್ನಲ್‌'ನಲ್ಲಿ, ಐರ್ಲೆಂಡಿನ ಪತ್ರಿಕೆಗಳಲ್ಲಿ ಅಚ್ಚಾಗುತ್ತಿತ್ತು. ಹಡಗು ಗುಡ್‌ಹೋಪ್ ಭೂಶಿರವನ್ನು ಬಳಸಿ ಹೋಗುತ್ತಿದ್ದ ಕಾಲದಲ್ಲಿ ಈ ಪಯಣಕ್ಕೆ ನಾಲ್ಕಾರು ತಿಂಗಳು ಹಿಡಿಯುತ್ತಿತ್ತು. ಇಲ್ಲಿಯೂ ಹೆಸರು ಅಧಿಕಾರಿಗೆ ಮಾತ್ರ. ಬ್ಯಾರಕ್ಕಿನಲ್ಲಿ ಕಾಲರಾದಿಂದ ಸತ್ತ ಸಾಮಾನ್ಯ ಸಿಪಾಯಿಗೆ ಆ ಅಂಕಣದಲ್ಲಿ ಸ್ಥಳವಿಲ್ಲ. ಅವನೊಡನೆ ಬದುಕಿದ ಇಲ್ಲಿನ ಹೆಣ್ಣಿಗೂ ಆ ಮಕ್ಕಳಿಗೂ ಮೊದಲೇ ಇಲ್ಲ. ಬೆಂಗಳೂರಿನ ದಂಡಿನ ಸಾಮಾಜಿಕ ಚರಿತ್ರೆಯನ್ನು ಬರೆಯುವವರು ಐರ್ಲೆಂಡಿನ ಪತ್ರಿಕೆಗಳನ್ನು ನೋಡಬೇಕಾಗುತ್ತದೆ. ನೋಡುವಾಗ ಈ ಗೈರುಹಾಜರಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಇಂದು ಈ ಪತ್ರಿಕೆಗಳಲ್ಲಿ ಬಹಳಷ್ಟು ಗಣಕದ ಪರದೆಯ ಮೇಲೆ ದೊರೆಯುತ್ತವೆ. ಬ್ರಿಟಿಷ್ ಲೈಬ್ರರಿಯ ಸಂಗ್ರಹವನ್ನು ಆಧರಿಸಿದ ಪತ್ರಿಕಾ ಭಂಡಾರ 2011ರಲ್ಲಿ ಅಂತರಜಾಲದಲ್ಲಿ ತೆರೆಯಿತು. ಮೈಕ್ರೊಫಿಲ್ಮ್ ಯಂತ್ರದ ಮುಂದೆ ತಿಂಗಳುಗಟ್ಟಲೆ ಕೂರಬೇಕಿದ್ದ ಕೆಲಸ ಗಳಿಗೆಯಲ್ಲಿ ಮುಗಿಯುತ್ತದೆ. ಲಾಭ ದೊಡ್ಡದು. ಆದರೆ ಹೆಸರು ಕೊಟ್ಟು ಹುಡುಕಿದರೆ ಯಂತ್ರ ಆ ಹೆಸರಿರುವ ಸಾಲನ್ನು ಕತ್ತರಿಸಿ ಕೈಗಿಡುತ್ತದೆ, ಪುಟವನ್ನಲ್ಲ. ಹದಿನೆಂಟನೆಯ ಶತಮಾನದ ಮುದ್ರಣದ ಉದ್ದನೆಯ 'ಸ' ಅಕ್ಷರವನ್ನು ಅದು 'ಫ' ಎಂದು ಓದುವುದರಿಂದ ಹೆಸರುಗಳು ಕೈತಪ್ಪುತ್ತವೆ. ಸಿಗದ ಹೆಸರು ಇಲ್ಲದ ಹೆಸರೆಂದು ತೀರ್ಮಾನಿಸುವ ಅಭ್ಯಾಸವಂತೂ ಈಚಿನ ದಿನಗಳಲ್ಲಿ ಹೆಚ್ಚುತ್ತಿದೆ. ಕಾಣೆಯಾದವನ ಪ್ರಕಟಣೆಯ ಪಕ್ಕದಲ್ಲಿ ಹಡಗಿನ ಕಂಪನಿ ಟಿಕೆಟ್ ಮಾರುತ್ತಿದೆ, ಕೆಳಗೆ ಊರಿಗೆ ಹಣ ಕಳಿಸುವ ವ್ಯವಸ್ಥೆಯ ಜಾಹೀರಾತಿದೆ. ಹೋಗುವವರು, ಹಣ ಕಳಿಸುವವರು, ಸುದ್ದಿಯಿಲ್ಲದವರು ಒಂದೇ ಪುಟದಲ್ಲಿದ್ದರು ಎಂಬ ಅರಿವು ಕತ್ತರಿಸಿದ ಸಾಲಿನಿಂದ ಹುಟ್ಟುವುದಿಲ್ಲ.

1843ರ 'ಮಂಗಳೂರ ಸಮಾಚಾರ'ದಿಂದ ಮೊದಲುಗೊಂಡ ಕನ್ನಡ ಪತ್ರಿಕೆಗಳ ಅಧ್ಯಯನ ಹೆಚ್ಚಾಗಿ ಸಂಪಾದಕರು, ಅಗ್ರಲೇಖನಗಳು, ಸಾಹಿತ್ಯಕ ಬರಹಗಳು ಎಂಬ ಚೌಕಟ್ಟಿನಲ್ಲಿಯೇ ನಡೆದಿದೆ. ಹಳೆಯ ನಿಯತಕಾಲಿಕೆಗಳನ್ನು ಸಂಪುಟಗಳಾಗಿ ಹೊಲಿಸುವಾಗ ರಕ್ಷಾಪುಟವನ್ನೂ ಜಾಹೀರಾತಿನ ಹಾಳೆಗಳನ್ನೂ ತೆಗೆದುಹಾಕುವ ಪದ್ಧತಿ ಜಗತ್ತಿನ ಹಲವು ಗ್ರಂಥಾಲಯಗಳಲ್ಲಿತ್ತು. ಈಗ ಕನ್ನಡದ ಹಳೆಯ ಸಂಚಿಕೆಗಳು ಸ್ಕ್ಯಾನ್ ಆಗುತ್ತಿರುವಾಗ, ಅಂಥ ಹಾಳೆಗಳಿರುವ ಬಿಡಿಪ್ರತಿಗಳನ್ನು ಹುಡುಕಿ, ಲೇಖನಗಳ ಸೂಚಿಯ ಜತೆಗೆ ಪ್ರಕಟಣೆಗಳ ಸೂಚಿಯನ್ನೂ ಸಿದ್ಧಪಡಿಸುವ ಕೆಲಸವನ್ನು ಕನ್ನಡ ವಿಭಾಗಗಳು ಎಂ.ಫಿಲ್., ಪಿಎಚ್.ಡಿ. ವಿಷಯಗಳಾಗಿ ಕೊಡಬೇಕಾಗಿತ್ತು. ಎಂ.ಫಿಲ್. ಪದವಿಯೇ 2022ರ ನಿಯಮಾವಳಿಯಿಂದ ನಿಂತುಹೋಗಿದೆ. ಸೂಚಿ ಸಿದ್ಧಪಡಿಸುವಂಥ ತಳಮಟ್ಟದ ಕೆಲಸಕ್ಕೆ ಆ ಪದವಿ ಹೇಳಿ ಮಾಡಿಸಿದಂತಿತ್ತು. ಇನ್ನು ಉಳಿದಿರುವುದು ಪಿಎಚ್.ಡಿ. ಪ್ರಬಂಧಗಳ ಅನುಬಂಧ. ಅಲ್ಲಿಯಾದರೂ ಒಂದು ಪತ್ರಿಕೆಯ ಒಂದು ದಶಕದ ಪ್ರಕಟಣೆಗಳನ್ನು, ಯಾರು ಹಾಕಿಸಿದರು, ಯಾರ ಹೆಸರು ಬಂತು, ಯಾರದು ಬರಲಿಲ್ಲ ಎಂಬ ವಿವರಗಳೊಡನೆ ಪಟ್ಟಿಮಾಡುವುದಕ್ಕೆ ಯಾವ ನಿಯಮದ ಅಡ್ಡಿಯೂ ಇಲ್ಲ.